6 ಗುಂಡು, 16 ಗುಂಡು: ಲೆಕ್ಕ ಕೇಳೋರು ಯಾರು?

ಪೊಲೀಸರ ಸೊಂಟದಲ್ಲಿದ್ದ ರಿವಾಲ್ವರ್ ಹೋಗಿ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಬಂದಿದ್ದನ್ನ "ಆಧುನೀಕರಣ" ಅಂತಾರ. ಅದು ಯಾಕ ಬಂತು ಅಂತ ನಾವೂ ತಿಳ್ಕೋಬೇಕು.

ರಿವಾಲ್ವರಿನಲ್ಲಿ 6 ಗುಂಡು. ಮುಗಿದರೆ ಖಾಲಿ ಕಾಡತೂಸು ಉದುರಿಸಿ ಮತ್ತೆ ತುಂಬಬೇಕು. ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ 13, 15, 17 ಗುಂಡು. ಮುಗಿದರೆ ಇನ್ನೊಂದು ತುರುಕಿದರಾಯ್ತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಎದುರು ಎಫ್‌ಬಿಐನ 8 ಜನ ನಿಂತರು. 2 ಜನ ಸತ್ತರು, 5 ಜನ ಗಾಯಗೊಂಡರು. ಹೆಚ್ಚಿನವರ ಕೈಯಾಗ ಇದ್ದದ್ದು ರಿವಾಲ್ವರ್. ಅಲ್ಲಿಂದ ಬದಲಾವಣೆಗೆ ವೇಗ ಬಂತು. ನಮ್ಮಲ್ಲೂ ಹಳೇ .38 ರಿವಾಲ್ವರಿನ ಜಾಗಕ್ಕೆ 9 ಎಂಎಂ ಪಿಸ್ತೂಲು ಬಂತು. ಕಾರ್ಬೈನಿಗೂ ಅದೇ ಗುಂಡು ನಡೀತೈತಿ.

ಇದಕ್ಕ ನನ್ನ ತಕರಾರಿಲ್ಲ. ಪೇದೆಯ ಜೀವಾನೂ ಜೀವಾನೇ. ನಮ್ಮ ಕೇರಿ ಹುಡುಗರೂ ಖಾಕಿ ಹಾಕ್ಯಾರ.

ಆದ್ರ ಇನ್ನೊಂದು ಮುಖಾನೂ ನೋಡ್ರಿ. 1999ರ ಫೆಬ್ರುವರಿ 4, ನ್ಯೂಯಾರ್ಕ್. ಅಮಡೌ ಡಿಯಾಲೊ ಅನ್ನೋ ನಿರಾಯುಧ ಕಪ್ಪು ಯುವಕನ ಮೇಲೆ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಇಬ್ಬರು ತಲಾ 16 ಹಾರಿಸಿದ್ದರು. 19 ಗುಂಡು ತಾಗಿದವು. ಅವನ ಕೈಲಿದ್ದದ್ದು ಪಾಕೀಟು. ಮರುವರ್ಷ ನಾಲ್ವರೂ ಖುಲಾಸೆ. ರಿವಾಲ್ವರ್ ಇದ್ದಿದ್ರ 24ಕ್ಕೆ ನಿಲ್ಲತಿತ್ತು. ಹಂಗಂತ ಅವನು ಉಳೀತಿದ್ದ ಅಂತಲ್ಲ. ಆಯುಧ ಬದಲಾಗಿತ್ತು, ಕಪ್ಪು ಮೈ ಕಂಡ್ರ ಅಪಾಯ ಅಂತ ನೋಡೋ ಕಣ್ಣು ಬದಲಾಗಿರಲಿಲ್ಲ.

ನಮ್ಮ ತಿರ್ಲಾಪುರ ನವಲಗುಂದ ತಾಲೂಕಿನ ಊರು. 1980ರ ಜುಲೈ 21ರ ಗೋಲಿಬಾರ್ ಇಲ್ಲಿ ಯಾರಿಗೆ ಗೊತ್ತಿಲ್ಲ? ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದದಲ್ಲಿ ಗುಂಡು ಹಾರಿತು. ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಹುತಾತ್ಮರಾದರು. ಅದು ಯಾವ ಬಂದೂಕು ಅಂತ ಇವತ್ತು ಯಾರೂ ಕೇಳಲ್ಲ. ಹೊಡೀರಿ ಅಂದವರು ಯಾರು ಅಂತ ಕೇಳ್ತಾರ.

ದಲಿತರಿಗೆ ಪೊಲೀಸರಿಂದ ಸಿಗದೇ ಇರೋದು ಗುಂಡಲ್ಲ, ನ್ಯಾಯ. 2000ದಲ್ಲಿ ಕಂಬಾಲಪಲ್ಲಿಯಲ್ಲಿ 7 ದಲಿತರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿ ಬಿದ್ದಿದ್ದರು. ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲು ಸುಟ್ಟವರಲ್ಲಿ 98 ಜನಕ್ಕೆ ಕೊಪ್ಪಳ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ಜೀವಾವಧಿ ಕೊಟ್ಟಿತು. ಅದನ್ನ ತಂದದ್ದು ಪಿಸ್ತೂಲಲ್ಲ; ದೋಷಾರೋಪ ಪಟ್ಟಿ, ಸಾಕ್ಷಿ, ಹತ್ತು ವರ್ಷದ ತಾಳ್ಮೆ.

ಆಧುನೀಕರಣ ಅಂದ್ರ ಇದನ್ನೂ ಮಾಡ್ರಿ. ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. "ನಾಳೆ ಬಾ" ಅನ್ನೋದು ನಿಲ್ಲಬೇಕು. ನಿಲ್ಲಿಸದವರ ಮೇಲೆ 4ನೇ ಕಲಂ ಹಾಕ್ರಿ. 2020ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ಠಾಣೆಯಲ್ಲಿ ಸಿಸಿಟಿವಿ ನಡೀಬೇಕು. 2014ರ ತೀರ್ಪಿನಂತೆ ಪ್ರತಿ ಎನ್‌ಕೌಂಟರ್ ಸಾವಿಗೆ ಎಫ್‌ಐಆರ್, ಸ್ವತಂತ್ರ ತನಿಖೆ ಆಗಬೇಕು.

17 ಗುಂಡು ಕೊಡ್ರಿ. ಹದಿನೇಳರ ಲೆಕ್ಕಾನೂ ಕೊಡ್ರಿ.

ಜೈ ಭೀಮ್.