ಜಗಲಿಗೆ ಗೆರೆ ಎಳೆಯುವ ಮುನ್ನ

ಮನೆ ಕಟ್ಟುವವರ ಲೆಕ್ಕದ ಪುಸ್ತಕದಲ್ಲಿ ಜಗಲಿಗೆ ಸಿಗುವುದು ಕೊನೆಯ ಪುಟ. ತಳಪಾಯ, ಗೋಡೆ, ತಾರಸಿ, ಬಾಗಿಲು ಎಲ್ಲ ಮುಗಿದು ಕೈಯಲ್ಲಿ ನಾಲ್ಕು ಕಾಸು ಮಿಕ್ಕರೆ ಮನೆಯ ಮುಂದೆ ಒಂದು ಕಟ್ಟೆ ಎದ್ದೀತು. ಇಲ್ಲವಾದರೆ ಗೃಹಪ್ರವೇಶದ ಚಪ್ಪರ ಬಿಚ್ಚಿದ ದಿನದಿಂದಲೇ ಹೊಸಿಲಿಗೆ ಬಿಸಿಲು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಬಯಲುಸೀಮೆಯ ಊರಿನಲ್ಲಿ ವಯಸ್ಸಾದವರ ಹಗಲು ಬಹುಪಾಲು ಕಳೆಯುವುದು ಈ ಜಗಲಿಯಲ್ಲೇ. ಅವರೆಕಾಯಿ ಸುಲಿಯುವುದು, ತಿಪಟೂರಿನ ಕೊಬ್ಬರಿ ದರ ವಿಚಾರಿಸುವುದು, ದಾರಿಹೋಕರನ್ನು ಕರೆದು ಕೂರಿಸುವುದು ಎಲ್ಲವೂ ಅಲ್ಲಿಯೇ. ಅದು ತಪ್ಪಿದರೆ ಹಿರಿಯರಿಗೆ ಉಳಿಯುವುದು ನಡುಮನೆಯ ಮಂಚ.

ಜಿಲ್ಲೆ ಒಂದೇ ಆದರೂ ಜಗಲಿಯ ಕೆಲಸ ಬೇರೆ ಬೇರೆ. ಶೃಂಗೇರಿಯ ಕಡೆ ಅದು ಮಳೆಯ ಇರಿಚಲನ್ನು ತಡೆಯಬೇಕು. ಪಂಚನಹಳ್ಳಿಯ ಸೀಮೆಯಲ್ಲಿ ಮಳೆ ಅದರ ಒಂದು ಸಣ್ಣ ಪಾಲು ಮಾತ್ರ. ಇಲ್ಲಿ ತಡೆಯಬೇಕಾದದ್ದು ಬಿಸಿಲನ್ನು. ಹೀಗಾಗಿ ಮೇಸ್ತ್ರಿಯನ್ನು ಕರೆಯುವ ಮೊದಲು ಸೂರ್ಯನನ್ನು ಕೇಳಬೇಕು.

ಈ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ ಮಧ್ಯಾಹ್ನದಲ್ಲೂ 53 ಡಿಗ್ರಿ ಎತ್ತರಕ್ಕೆ ನಿಲ್ಲುತ್ತಾನೆ. ಜಗಲಿ 6 ಅಡಿ ಅಗಲ, ಸೂರಿನ ಅಂಚು ನೆಲದಿಂದ ಏಳೂವರೆ ಅಡಿ ಎತ್ತರ ಎಂದಿಟ್ಟುಕೊಂಡರೆ, ದಕ್ಷಿಣಕ್ಕೆ ಮುಖ ಮಾಡಿದ ಮನೆಯ ಗೋಡೆಗೆ ಆಗಲೂ ಮಧ್ಯಾಹ್ನದ ಬಿಸಿಲು ತಾಗದು.

ಪಡುವಣ ಬಾಗಿಲಿನ ಮನೆಯ ಪಾಡು ಹಾಗಲ್ಲ. ಮಾರ್ಚಿಯಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ 30 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಅಳತೆಯ ಜಗಲಿಯಲ್ಲಿ ಗೋಡೆಯ ಮೇಲೆ 4 ಅಡಿ ಎತ್ತರದವರೆಗೂ ಬಿಸಿಲು ಏರುತ್ತದೆ. ಅದನ್ನು ಬರಿಯ ಸೂರಿನಿಂದ ತಡೆಯಬೇಕೆಂದರೆ ಜಗಲಿಗೆ 13 ಅಡಿ ಅಗಲ ಬೇಕು. ಅಷ್ಟು ಜಾಗ ಯಾರಿಗಿದೆ? ಅದರ ಬದಲು ತೆಂಗಿನ ಗರಿಯ ತಟ್ಟಿಯೊಂದನ್ನು ಸೂರಿನ ಅಂಚಿನಿಂದ ಮೂರೂವರೆ ಅಡಿ ಇಳಿಬಿಟ್ಟರೆ ಬಿಸಿಲು ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಚಾಪೆಯ ಮೇಲೆ ಕೂತ ಅಜ್ಜನಿಗೆ ತಟ್ಟಿಯ ಕೆಳಗಿನಿಂದ ಬೀದಿಯೂ ಕಾಣುತ್ತದೆ.

ಅಗಲ ಗೊತ್ತಾದ ಮೇಲೆ ಜಾಗದ ಮಾತು. ಜಗಲಿಯ ಎತ್ತರ ಒಂದೂವರೆ ಅಡಿ ಎಂದರೆ ಅರ್ಧರ್ಧ ಅಡಿಯ ಏರು, ಒಂದೊಂದು ಅಡಿಯ ಎರಡು ಮೆಟ್ಟಿಲು ಬೇಕು. ಅಲ್ಲಿಗೆ 6 ಅಡಿಯ ಜಗಲಿ 8 ಅಡಿ ಬೇಡುತ್ತದೆ. ಮೆಟ್ಟಿಲು ರಸ್ತೆಯದೆಂದೂ ಸೂರು ಆಕಾಶದ್ದೆಂದೂ ತಿಳಿದವರು ಹಲವರು. ಎರಡೂ ತಪ್ಪು. ಮೆಟ್ಟಿಲೂ ಸೂರಿನ ನೀರೂ ತಮ್ಮ ಜಾಗದೊಳಗೇ ಬೀಳಬೇಕು. ಪಕ್ಕದವರ ಗೋಡೆಗೆ ಹನಿಯುವ ಸೂರು ಅಣ್ಣತಮ್ಮಂದಿರನ್ನೂ ಕೋರ್ಟಿಗೆ ಹತ್ತಿಸೀತು.

ಜಗಲಿಗೆಂಥ ಪರವಾನಗಿ ಎಂದು ನಗುವವರಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಉತ್ತರ ಹೇಳುತ್ತದೆ. ಹೊಸ ಮನೆಗಷ್ಟೇ ಅಲ್ಲ, ಇರುವ ಮನೆಗೆ ಏನಾದರೂ ಸೇರಿಸಿ ಕಟ್ಟುವುದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ರಸ್ತೆಗೆ ಚಾಚಿದ್ದನ್ನು ತೆಗೆಸುವ ಅಧಿಕಾರವೂ ಪಂಚಾಯಿತಿಗಿದೆ. 2013ರಿಂದ ಬಂದ ಇ-ಸ್ವತ್ತಿನ 9 ಮತ್ತು 11ರ ನಮೂನೆಗಳಲ್ಲಿ ಸ್ವತ್ತಿನ ಅಳತೆ, ಚೆಕ್ಕುಬಂದಿ ಇರುತ್ತವೆ. ಅದನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ಅಳೆದು, ನೆರೆಯವರನ್ನೂ ಕರೆದು ತೋರಿಸಿದ ಮೇಲೆ ಅರ್ಜಿ ಬರೆಯುವುದು ಕ್ಷೇಮ. ಮನೆ ರಾಜ್ಯ ಹೆದ್ದಾರಿಯ ಅಥವಾ ಜಿಲ್ಲಾ ಮುಖ್ಯರಸ್ತೆಯ ಬದಿಗಿದ್ದರೆ ಲೋಕೋಪಯೋಗಿ ಇಲಾಖೆಯ ಎಲ್ಲೆಯನ್ನೂ ಕೇಳಿಕೊಳ್ಳಬೇಕು. ಅಗೆಯುವ ಮುನ್ನ ನಲ್ಲಿ ಪೈಪು ಎಲ್ಲಿ ಹಾದಿದೆ ಎಂದು ನೀರುಗಂಟಿಯನ್ನು ವಿಚಾರಿಸಿದರೆ ಬೀದಿಯವರ ಬೈಗುಳ ತಪ್ಪುತ್ತದೆ.

ಎತ್ತರವನ್ನು ಅಳೆಯಬೇಕಾದದ್ದು ಅಂಗಳದ ಮಣ್ಣಿನಿಂದಲ್ಲ, ರಸ್ತೆಯ ನಡುವಿನಿಂದ. ಹಳೆಯ ರಸ್ತೆಯ ಮೇಲೆ ಪ್ರತಿ ಸಲ ಕಾಂಕ್ರೀಟು ಬಿದ್ದಾಗಲೂ ರಸ್ತೆ ಏರುತ್ತದೆ, ಜಗಲಿ ತಗ್ಗಾಗುತ್ತದೆ. ಮಳೆ ಕಡಿಮೆ ಎಂಬ ಧೈರ್ಯವೂ ಬೇಡ; ಬಯಲುಸೀಮೆಯ ಮಳೆ ಬಂದರೆ ಒಂದೇ ಗಂಟೆಯಲ್ಲಿ ಸುರಿದು ಹೋಗುತ್ತದೆ. ನೆಲಕ್ಕೆ 6 ಅಡಿಗೆ 1 ಅಂಗುಲ ಇಳಿಜಾರು ಕೊಟ್ಟರೆ ನೀರು ಹೊಸಿಲ ಕಡೆ ತಿರುಗದು.

ಇನ್ನು ಖರ್ಚು. ಒಟ್ಟು ಎಷ್ಟಾದೀತು ಎಂದು ಕೇಳುವುದಕ್ಕಿಂತ ಏನು ಎಷ್ಟು ಬೇಕು ಎಂದು ಕೇಳುವುದು ಒಳ್ಳೆಯದು. ದರ ವಾರಕ್ಕೊಮ್ಮೆ ಬದಲಾದೀತು, ಅಳತೆ ಬದಲಾಗದು. 12 ಅಡಿ ಉದ್ದ, 6 ಅಡಿ ಅಗಲದ ಜಗಲಿಗೆ ಮೂರು ಬದಿಯ ಅಡಿ ದಪ್ಪದ ಕಲ್ಲುಕಟ್ಟಡ, ಒಂದೂವರೆ ಅಡಿ ಪಾಯವೂ ಸೇರಿ, ಸುಮಾರು 66 ಘನ ಅಡಿ. ಒಳಗೆ ತುಂಬುವ ಮಣ್ಣು 75 ಘನ ಅಡಿ. ದಮ್ಮಸ್ಸು ಮಾಡಿದಾಗ ಕುಗ್ಗುವುದನ್ನು ಸೇರಿಸಿದರೆ ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡು. ಮೇಲೆ 4 ಅಂಗುಲದ ಒಂದು-ನಾಲ್ಕು-ಎಂಟರ ಕಾಂಕ್ರೀಟಿಗೆ ಎರಡೂವರೆ ಮೂಟೆ ಸಿಮೆಂಟು. ಈ ಪಟ್ಟಿ ಹಿಡಿದು ಕಡೂರಿನಲ್ಲೂ ಅರಸೀಕೆರೆಯಲ್ಲೂ ಒಂದೇ ವಾರ ದರ ವಿಚಾರಿಸಬಹುದು. ಸಾಗಣೆ ಮತ್ತು ಕೂಲಿಯನ್ನು ಬೇರೆ ಬರೆದು, ಒಟ್ಟಿನ ಮೇಲೆ ಹತ್ತನೇ ಒಂದು ಪಾಲನ್ನು ಕಾಣದ ಖರ್ಚಿಗೆಂದು ತೆಗೆದಿಟ್ಟರೆ ಕೆಲಸ ನಡುವೆ ನಿಲ್ಲದು.

ಹಣ ಸಾಲದೆ ಬಂದರೆ ಕಡಿಮೆ ಮಾಡಬೇಕಾದದ್ದು ಮಾಡಿನಲ್ಲಿ, ಪಾಯದಲ್ಲಲ್ಲ. ಹಳೆಯ ಮಣ್ಣುಗೋಡೆಯ ಮನೆಗೆ ಇದು ಇನ್ನೂ ನಿಜ. ಇಷ್ಟು ಜಾಗಕ್ಕೆ 4 ಅಂಗುಲದ ಆರ್‌ಸಿಸಿ ಹಾಕಿದರೆ ಅದರ ತೂಕವೇ ಸುಮಾರು 1,700 ಕಿಲೋ. ಅದರ ಒಂದು ಅಂಚನ್ನು ಅಜ್ಜನ ಕಾಲದ ಗೋಡೆಯ ಮೇಲೆ ಕೂರಿಸುವುದು ಅಪಾಯ. ಮಂಗಳೂರು ಹೆಂಚಿನ ಮಾಡಾದರೆ ತೂಕ ಅದರ ಕಾಲುಭಾಗದಷ್ಟೂ ಆಗದು. ತೋಟದಲ್ಲಿ ಬಲಿತ ತೆಂಗಿನ ಮರವಿದ್ದರೆ ಕಂಬಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಬೇಕು. ಇಲ್ಲವಾದರೆ ಬುಡ ಗೆದ್ದಲಿನ ಪಾಲು. ಕಬ್ಬಿಣದ ಗ್ರಿಲ್ಲಿನ ದುಡ್ಡನ್ನು ಗೋಡೆಗೆ ಒರಗಿದ ಒಂದು ಕಲ್ಲುಬೆಂಚಿಗೆ ಹಾಕಿದರೆ ನಷ್ಟವೇನಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ದೇವಾಲಯದ ತೆರೆದ ಮಂಟಪದ ಅಂಚಿಗೂ ಕೂರಲು ಕಲ್ಲಿನ ಆಸನವೇ ಇದೆ.

ಇಷ್ಟೆಲ್ಲ ಆದ ಮೇಲೂ ಒಂದು ಪರೀಕ್ಷೆ ಉಳಿದಿದೆ. ಅದಕ್ಕೆ ಬೇಕಾದದ್ದು ಒಂದು ಹಿಡಿ ಸುಣ್ಣ. ಮೆಟ್ಟಿಲೂ ಸೇರಿದಂತೆ ಜಗಲಿಯ ಪೂರ್ತಿ ಗೆರೆಯನ್ನು ನೆಲದ ಮೇಲೆ ಎಳೆದು ಒಂದು ವಾರ ಬಿಡಬೇಕು. ಸಂಜೆಯ ನೆರಳು ಎಲ್ಲಿಗೆ ಬರುತ್ತದೆ ಎಂದು ಮನೆಯ ಹಿರಿಯರೇ ಗುರುತು ಮಾಡಲಿ. ಟ್ರ್ಯಾಕ್ಟರು, ಹಾಲಿನ ಗಾಡಿ, ಶಾಲೆಯ ಮಕ್ಕಳು ಎಂದಿನಂತೆ ಓಡಾಡಲಿ. ವಾರದ ಕೊನೆಗೆ ಗೆರೆ ಹಾಗೇ ಉಳಿದಿದ್ದರೆ ಅದು ಮನೆಯ ಜಾಗ. ಚಕ್ರಕ್ಕೆ ಸಿಕ್ಕಿ ಅಳಿಸಿಹೋಗಿದ್ದರೆ ಅದು ಊರಿನ ದಾರಿ. ಜಗಲಿ ಒಂದು ಅಡಿ ಹಿಂದಕ್ಕೆ ಸರಿಯಬೇಕು.