ಘಟಿಕೋತ್ಸವವು ಯಾರ ಉತ್ಸವ?

ವಿಶ್ವವಿದ್ಯಾಲಯಗಳಲ್ಲಿ ಘಟಿಕೋತ್ಸವದ ಕಾಲ ಬಂದಿತೆಂದರೆ, ವೇದಿಕೆಯ ಮೇಲೆ ಯಾರು ಯಾರ ಬಲಕ್ಕೆ ಕುಳ್ಳಿರಬೇಕು, ಆಮಂತ್ರಣಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದೇ ಮೊದಲ ಚಿಂತೆಯಾಗುವುದನ್ನು ವಾಚಕರು ಬಲ್ಲರು. ಪದವಿ ಪಡೆಯತಕ್ಕ ತರುಣ ತರುಣಿಯರ ವಿಚಾರವೂ, ಹೊಟ್ಟೆಬಟ್ಟೆ ಕಟ್ಟಿ ಅವರನ್ನು ಓದಿಸಿದ ತಂದೆತಾಯಿಗಳ ವಿಚಾರವೂ ಕಟ್ಟಕಡೆಗೆ ಉಳಿಯುತ್ತವೆ.

ಮರ್ಯಾದೆಯ ಕ್ರಮವೇ ಬೇಡವೆಂದು ನಾವು ಹೇಳುವುದಿಲ್ಲ. ಕುಲಸಚಿವರು ಮುಂದಾಗಿ ಬರುವ ವಿದ್ವಜ್ಜನರ ಮೆರವಣಿಗೆ, ಅಭ್ಯರ್ಥಿಗಳನ್ನು ಸಭೆಯ ಮುಂದೆ ನಿಲ್ಲಿಸುವುದು, ಪದವೀಪ್ರದಾನ, ಪ್ರತಿಜ್ಞೆ, ಘಟಿಕೋತ್ಸವ ಭಾಷಣ ಇವೆಲ್ಲವೂ ವಿದ್ಯೆಯು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಈ ಕ್ರಮದ ನಡುವೆ ಸ್ವಾಗತದ ಮೇಲೆ ಸ್ವಾಗತ, ಹಾರತುರಾಯಿ, ಪರಸ್ಪರ ಸ್ತುತಿ ನುಗ್ಗಿದಾಗಲೇ ಕೇಡು.

1916ರ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಪ್ರಾರಂಭೋತ್ಸವ ನಡೆದಾಗ ರಾಜಮಹಾರಾಜರು ನೆರೆದಿದ್ದರು. ಗಾಂಧೀಜಿಯವರು ಅಲ್ಲಿ ಮಾತನಾಡುತ್ತ, ಕಾಶಿಯಂತಹ ಪುಣ್ಯಕ್ಷೇತ್ರದಲ್ಲಿ ಪರಭಾಷೆಯಲ್ಲಿ ಮಾತನಾಡಬೇಕಾದುದು ನಾಚಿಕೆಗೇಡೆಂದರು. ರಾಜರ ಒಡವೆಗಳ ಆಡಂಬರವನ್ನೂ ಟೀಕಿಸಿದರು. ಭಾಷಣವು ಮುಗಿಯುವ ಮೊದಲೇ ಸಭೆ ಮುರಿಯಿತು. ಅಂದಿನ ಆಸನಕ್ರಮವನ್ನು ಇಂದು ಯಾರು ಕೇಳುತ್ತಾರೆ? ಭಾಷಣವು ಮಾತ್ರ ಉಳಿದಿದೆ. 1937ರಲ್ಲಿ ಕಲಕತ್ತೆಯ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ರವೀಂದ್ರನಾಥ ಠಾಕೂರರು ಹಳೆಯ ಸಂಪ್ರದಾಯವನ್ನು ಮುರಿದು ಬಂಗಾಳಿಯಲ್ಲಿ ಮಾತನಾಡಿದರು. ಅದರಿಂದ ವಿಶ್ವವಿದ್ಯಾಲಯದ ಗೌರವವು ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಕನ್ನಡ ನಾಡಿನಲ್ಲಿ ಮೈಸೂರಿನ ವಿಶ್ವವಿದ್ಯಾಲಯವು 1916ರಲ್ಲಿಯೂ, ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿಯೂ ಹುಟ್ಟಿದವು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ತನ್ನ ಘಟಿಕೋತ್ಸವವನ್ನು ‘ನುಡಿಹಬ್ಬ’ವೆಂದೇ ಕರೆಯುತ್ತದೆ. ಆದುದರಿಂದ ಗಂಭೀರ ಸಮಾರಂಭವು ಕನ್ನಡದಲ್ಲಿ ಸಾಗದೆಂಬ ವಾದಕ್ಕೆ ಆಧಾರವಿಲ್ಲ.

ಪರಪ್ರಾಂತಗಳ ವಿದ್ಯಾರ್ಥಿಗಳೂ ಇರುವರಲ್ಲ ಎಂದು ಕೆಲವರು ಆಕ್ಷೇಪಿಸುವರು. ಅವರಿಗಾಗಿ ಇಂಗ್ಲಿಷೂ ಇರಲಿ. ಆದರೆ ಮನೆಯವರನ್ನು ಹೊರಗಿಟ್ಟು ಅತಿಥಿಗಳನ್ನು ಉಪಚರಿಸುವುದು ಯಾವ ಮರ್ಯಾದೆ? ಅರ್ಥವಾಗದ ನುಡಿಯಲ್ಲಿ ಪ್ರತಿಜ್ಞೆಯನ್ನು ಉಚ್ಚರಿಸಿದವನು ಯಾವುದಕ್ಕೆ ಬದ್ಧನಾದನು?

ನಮ್ಮ ಸೂಚನೆಗಳು ಇಷ್ಟೇ. ಭಾಷಣಕಾರರು ಒಬ್ಬರೇ ಇರಲಿ. ಅಧಿಕಾರವನ್ನು ನೋಡದೆ ವಿದ್ಯೆಯನ್ನೂ ಸೇವೆಯನ್ನೂ ನೋಡಿ ಅವರನ್ನು ಆರಿಸಬೇಕು. ಹಲವು ತಿಂಗಳು ಮೊದಲೇ ಪತ್ರ ಬರೆದು, ಕೇಳುವವರು ಯಾರು, ಸಮಯವೆಷ್ಟು ಎಂಬುದನ್ನು ತಿಳಿಸಬೇಕು. ಅವರಿಗೆ ಕನ್ನಡ ಬಾರದಿದ್ದರೆ ಭಾಷಣವನ್ನು ಮೊದಲೇ ತರಿಸಿ, ಕನ್ನಡದಲ್ಲಿ ಅಚ್ಚುಮಾಡಿಸಿ ಸಭಿಕರ ಕೈಗೆ ಕೊಡಬೇಕು. ಸ್ವಾಗತವು ಒಬ್ಬರಿಂದ, ಐದು ನಿಮಿಷಗಳಲ್ಲಿ ಮುಗಿಯಲಿ. ಪ್ರತಿಜ್ಞೆಯು ಕನ್ನಡದಲ್ಲಿಯೂ ಆಗಲಿ. ಮುಂದಿನ ಸಾಲುಗಳಲ್ಲಿ ಕೆಲವನ್ನಾದರೂ ತಂದೆತಾಯಿಗಳಿಗೆ ಮೀಸಲಿಡಬೇಕು.

ಇದಕ್ಕೆ ಹಣ ಬೇಕಿಲ್ಲ, ಹೊಸ ಕಾಯಿದೆಯೂ ಬೇಕಿಲ್ಲ, ಮನಸ್ಸು ಬೇಕು. ವಿಶ್ವವಿದ್ಯಾಲಯದ ಸಭೆಗಳಲ್ಲಿ ಕುಳಿತಿರುವ ಕನ್ನಡಿಗರೂ, ಅವರಿಗೆ ಅಕ್ಷರ ಕಲಿಸಿದ ಉಪಾಧ್ಯಾಯ ವರ್ಗದವರೂ ಈ ಮಾತನ್ನು ಎತ್ತಿ ಕೇಳಬೇಕು. ಬರುವ ಘಟಿಕೋತ್ಸವದಲ್ಲಿ ಹಳ್ಳಿಯಿಂದ ಬಂದ ತಾಯಿಯು, ತನ್ನ ಮಗಳು ಏನೆಂದು ಪ್ರತಿಜ್ಞೆ ಮಾಡಿದಳೆಂಬುದನ್ನು ತಿಳಿದು ಮನೆಗೆ ಮರಳುವಂತಾಗಲಿ.