ನೋವುಂಡವರೇ ನಡೆಸುವ ಸಂಘ

ಅಕ್ಕನ ಮಗನಿಗೆ ಆರನೇ ಕ್ಲಾಸಿನಲ್ಲಿ ಹೊಲಿಸಿದ ಯೂನಿಫಾರ್ಮ್ ಅಂಗಿ ಎಂಟನೇ ಕ್ಲಾಸಿಗೂ ಸರಿಹೋಯಿತು. ಈ ವರ್ಷ ಬಟ್ಟೆಯ ಖರ್ಚು ಉಳಿಯಿತಲ್ಲ ಎಂದು ಅವಳು ಮೊದಲು ಸಮಾಧಾನಪಟ್ಟಳಂತೆ. ಆಮೇಲೊಂದು ಬೆಳಿಗ್ಗೆ ಕಾಲರಿನ ಗುಂಡಿ ಹಾಕುವಾಗ ಕೊರಳೆಲುಬು ಕೈಗೆ ಸಿಕ್ಕಿತು. ಎರಡು ವರ್ಷದಲ್ಲಿ ಹುಡುಗ ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲ.

ಹೊಟ್ಟೆನೋವು, ದಿನಕ್ಕೆ ಏಳೆಂಟು ಸಲ ಬಚ್ಚಲ ಕಡೆಗೆ ಓಟ, ಒಮ್ಮೊಮ್ಮೆ ರಕ್ತ. ಊರಿನಲ್ಲಿ ಮೂಲವ್ಯಾಧಿ ಎಂದರು, ಉಷ್ಣ ಎಂದರು, ದೃಷ್ಟಿ ತೆಗೆದರು. ಪೇಟೆಯ ಆಸ್ಪತ್ರೆಯೊಂದರಲ್ಲಿ ಕರುಳಿನ ಕ್ಷಯ ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಆ ವೈದ್ಯರನ್ನು ನಾನು ದೂರುವುದಿಲ್ಲ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ದುರ್ಬೀನು ಇಳಿಸಿ ನೋಡಿದಾಗ ಅಕ್ಕ-ತಂಗಿಯರ ಹಾಗೆ ಕಾಣುತ್ತವೆ. ಬಯಾಪ್ಸಿ ಕೂಡ ಎಷ್ಟೋ ಸಲ ಖಚಿತವಾಗಿ ಹೇಳುವುದಿಲ್ಲ. ಕ್ಷಯ ಇನ್ನೂ ಮನೆಮನೆಯ ಕಾಯಿಲೆಯಾಗಿರುವ ನಮ್ಮಲ್ಲಿ ಮೊದಲು ಅದರ ಔಷಧ ಕೊಟ್ಟು, ಹುಣ್ಣು ಮಾಗುತ್ತದೆಯೇ ಎಂದು ಕಾಯುವುದು ಒಪ್ಪಿಕೊಂಡ ಕ್ರಮವೇ. ಆದರೆ ಬೆಳೆಯುವ ಹುಡುಗನಿಗೆ ಆರು ತಿಂಗಳು ಎಂದರೆ ಬಹಳ ಕಾಲ.

ಕೊನೆಗೆ ಬೆಂಗಳೂರಿನಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ಐಬಿಡಿ. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎರಡನ್ನೂ ಸೇರಿಸಿ ಹೇಳುವ ಹೆಸರು ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುವ, ಹತೋಟಿಯಲ್ಲಿಡಬಹುದಾದ, ಆದರೆ ಪೂರ್ತಿ ವಾಸಿಯಾಗದ ಕಾಯಿಲೆ. (ಐಬಿಎಸ್ ಎನ್ನುವುದು ಬೇರೆ, ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ. ನೆಂಟರು ಇಂದಿಗೂ ಎರಡನ್ನೂ ಒಂದೇ ಮಾಡಿ ಉಪದೇಶ ಕೊಡುತ್ತಾರೆ.) ಡಾಕ್ಟರ ಮುಂದೆ ಅಕ್ಕ ಗಟ್ಟಿಯಾಗಿ ಕೂತಿದ್ದಳು. ಎಲ್ಲವನ್ನೂ ಕೇಳಿದಳು, ತಲೆಯಾಡಿಸಿದಳು, ಚೀಟಿ ಮಡಚಿ ಇಟ್ಟುಕೊಂಡಳು. ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಹಾವೇರಿ ಕಡೆಯ ಹೆಂಗಸೊಬ್ಬರು ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ನೀವು ಊಟ ಮಾಡೀರೇನ್ರೀ ಅಕ್ಕಾರ?" ಎಂದರು. ಅಷ್ಟೇ. ಅಕ್ಕ ಅಲ್ಲೇ ಕುಸಿದು ಅತ್ತುಬಿಟ್ಟಳು.

ಆ ಹೆಂಗಸು ತಮ್ಮ ಚೀಲ ಬಿಚ್ಚಿ ತೋರಿಸಿದರು. ಎರಡು ಜೊತೆ ಚಡ್ಡಿ, ಒಂದು ಪ್ಯಾಂಟು, ಒದ್ದೆ ಟವೆಲ್ಲು, ಹಳೇ ಪೇಪರು, ಗಂಟು ಹಾಕಲು ಪ್ಲಾಸ್ಟಿಕ್ ಕವರು. ಒಂದು ಪುಟ್ಟ ಡಬ್ಬಿಯ ತುಂಬ ಐದು ರೂಪಾಯಿ ನಾಣ್ಯ. ಬಸ್‌ಸ್ಟ್ಯಾಂಡಿನ ಶೌಚಾಲಯದ ಬಾಗಿಲಲ್ಲಿ ಚಿಲ್ಲರೆಗಾಗಿ ನಿಲ್ಲಬಾರದು, ಅದಕ್ಕೆ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಬೇಕು, ಹತ್ತುವಾಗಲೇ ಕಂಡಕ್ಟರಿಗೆ ಹೇಳಿಬಿಡಬೇಕು, ನಾಚಿಕೊಂಡರೆ ಮಗುವಿನ ಮರ್ಯಾದೆಯೇ ಹೋಗುತ್ತದೆ. ಆರು ವರ್ಷದ ಅನುಭವವನ್ನು ಅವರು ಇಪ್ಪತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಈ ಒಂದು ಮಾತೂ ಡಾಕ್ಟರ ಚೀಟಿಯಲ್ಲಿ ಇರಲಿಲ್ಲ.

ಜಗತ್ತಿನಲ್ಲಿ ಈ ಕಾಯಿಲೆಯವರಿಗಾಗಿ ಹುಟ್ಟಿದ ದೊಡ್ಡ ಸಂಸ್ಥೆಗಳ ಕಥೆ ಓದುತ್ತಾ ಹೋದಂತೆ ನನಗೆ ಆ ಬೆಂಚೇ ಮತ್ತೆ ಮತ್ತೆ ಕಾಣುತ್ತದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಮೂವರು ವೈದ್ಯರು 14 ರೋಗಿಗಳ ವಿವರ ಕೂಡಿಸಿ ಈ ಎರಡು ಕಾಯಿಲೆಗಳಲ್ಲಿ ಒಂದರ ಬಗ್ಗೆ ಬರೆದರು. ಲೇಖಕರ ಪಟ್ಟಿ ಅಕಾರಾದಿಯಾಗಿದ್ದುದರಿಂದ ಮೊದಲಿಗೆ ಬಂದ ಬರಿಲ್ ಕ್ರೋನ್ ಹೆಸರೇ ಕಾಯಿಲೆಗೆ ನಿಂತಿತು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಇದಕ್ಕಾಗಿ ಶಸ್ತ್ರಚಿಕಿತ್ಸೆಯಾಗಿ ಪತ್ರಿಕೆಗಳ ತುಂಬ ಸುದ್ದಿಯಾಯಿತು. ಅಷ್ಟಾದರೂ ಸಾಮಾನ್ಯರ ಮನೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ಅದಕ್ಕೆ ಕಾರಣ ನಾಚಿಕೆಯೊಂದೇ ಅಲ್ಲ. ಚಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮನಸ್ಸಿನಿಂದ ಹುಟ್ಟುತ್ತವೆ ಎಂದು ಎಣಿಸಿದ ಏಳು ರೋಗಗಳಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕೂಡ ಒಂದು. ದಶಕಗಳ ಕಾಲ ವೈದ್ಯರಲ್ಲೇ ಅನೇಕರು ಹಾಗೆ ನಂಬಿದ್ದರು. ಅಂದರೆ ಮಗುವಿನ ಕರುಳಲ್ಲಿ ರಕ್ತ ಬಂದರೆ ತಾಯಿ ತನ್ನ ಸಾಕಣೆಯನ್ನೇ ಅನುಮಾನಿಸಿಕೊಳ್ಳಬೇಕಿತ್ತು.

1967ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ಎರಡು ಕುಟುಂಬಗಳು ಒಂದಾದವು. ಒಂದು, ಅರ್ವಿನ್ ಮತ್ತು ಸುಜಾನ್ ರೋಸೆಂತಾಲ್ ದಂಪತಿ. ಸುಜಾನ್ ಸ್ವತಃ ಕ್ರೋನ್ಸ್ ರೋಗಿ. ಇನ್ನೊಂದು, ಕ್ರೀಡಾ ಸಾಮಗ್ರಿಯ ಅಂಗಡಿಗಳನ್ನು ನಡೆಸುತ್ತಿದ್ದ ವಿಲಿಯಂ ಮತ್ತು ಶೆಲ್ಬಿ ಮೋಡೆಲ್. ಅವರ ಮಗನಿಗೆ ಇದೇ ಕಾಯಿಲೆ. ಜೊತೆಗೆ ನಿಂತವರು ಮೌಂಟ್ ಸೈನಾಯ್‌ನ ವೈದ್ಯ ಹೆನ್ರಿ ಜಾನೊವಿಟ್ಸ್. ಇಂದು ಕ್ರೋನ್ಸ್ ಅಂಡ್ ಕೊಲೈಟಿಸ್ ಫೌಂಡೇಶನ್ ಎಂದು ಹೆಸರಾಗಿರುವ ಸಂಸ್ಥೆ ಹುಟ್ಟಿದ್ದು ಹೀಗೆ. ಒಬ್ಬ ರೋಗಿ, ಅವಳ ಗಂಡ, ಒಂದು ಮಗುವಿನ ತಂದೆ-ತಾಯಿ, ಒಬ್ಬ ವೈದ್ಯ. ಐವರಲ್ಲಿ ನಾಲ್ವರು ಮನೆಯವರು. ಬ್ರಿಟನ್ನಿನಲ್ಲಿ 1978ರಲ್ಲಿ ಮಕ್ಕಳ ಕ್ರೋನ್ಸ್ ಕಾಯಿಲೆಗಾಗಿಯೇ ಒಂದು ಸಂಘ ಎದ್ದಿತು. ಮರುವರ್ಷ, ಈಗ ಕ್ರೋನ್ಸ್ ಅಂಡ್ ಕೊಲೈಟಿಸ್ ಯುಕೆ ಎನಿಸಿಕೊಂಡಿರುವ ರೋಗಿಗಳ ಸಂಘ ಬಂತು.

ಮನೆಯವರೇ ಮುಂದಾಳುಗಳಾದರೆ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ಡಾಕ್ಟರು ಹುಣ್ಣು ಎಷ್ಟು ಮಾಗಿತು ಎಂದು ನೋಡುತ್ತಾರೆ, ಅದು ಅವರ ಕೆಲಸ. ತಾಯಿ ನೋಡುವುದು ಮಗ ಶಾಲೆಯ ಪ್ರವಾಸಕ್ಕೆ ಹೋಗಬಹುದೇ ಎಂದು. ಅಮೆರಿಕದ ಸಂಸ್ಥೆ ಈ ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುತ್ತದೆ. ಆಟದ ನಡುವೆ ಎದ್ದು ಓಡಿದರೆ ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ, ಎಲ್ಲರೂ ಓಡುವವರೇ. ಬ್ರಿಟನ್ನಿನ ರೋಗಿಗಳ ಸಂಘ ಸದಸ್ಯರಿಗೊಂದು ಕಾರ್ಡು ಕೊಡುತ್ತದೆ: ನನಗೆ ಕಾಯಿಲೆ ಇದೆ, ತಡೆದುಕೊಳ್ಳಲಾಗದು, ದಯವಿಟ್ಟು ಶೌಚಾಲಯ ಬಳಸಲು ಬಿಡಿ ಎನ್ನುವ ಕಾರ್ಡು. ಅಂಗಡಿಯವನ ಮುಂದೆ ಬಾಯಿ ಬಿಟ್ಟು ವಿವರಿಸುವ ಸಂಕಟ ಅಷ್ಟರಮಟ್ಟಿಗೆ ತಪ್ಪಿತು. ಹೊರಗೆ ಏನೂ ಕಾಣದವರು ಅಂಗವಿಕಲರ ಶೌಚಾಲಯದಿಂದ ಬಂದರೆ ಜನ ದುರುಗುಟ್ಟಿ ನೋಡುತ್ತಾರಲ್ಲ, ಅದಕ್ಕಾಗಿ 'ಎಲ್ಲ ವೈಕಲ್ಯವೂ ಕಣ್ಣಿಗೆ ಕಾಣುವುದಿಲ್ಲ' ಎಂಬ ಫಲಕ ಹಾಕುವಂತೆ ದೊಡ್ಡ ದೊಡ್ಡ ಮಳಿಗೆಗಳನ್ನು ಒಪ್ಪಿಸಿದ್ದೂ ಅದೇ ಸಂಘ.

ಇಲಿನಾಯ್ ರಾಜ್ಯದ ಕಥೆಯನ್ನು ಅಕ್ಕನಿಗೆ ಎರಡು ಸಲ ಹೇಳಿದ್ದೇನೆ. 14 ವರ್ಷದ ಹುಡುಗಿ ತಾಯಿಯ ಜೊತೆ ದೊಡ್ಡ ಅಂಗಡಿಗೆ ಹೋಗಿದ್ದಳು. ಕ್ರೋನ್ಸ್ ಇತ್ತು. ಸಿಬ್ಬಂದಿಯ ಶೌಚಾಲಯ ಬಳಸಲು ಬಿಡಲಿಲ್ಲ, ಅಲ್ಲೇ ಬಟ್ಟೆಯಲ್ಲಿ ಆಗಿಹೋಯಿತು. ತಾಯಿ-ಮಗಳು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ತಮ್ಮ ಶಾಸಕಿಯ ಹತ್ತಿರ ಹೋದರು. 2005ರಲ್ಲಿ ಆ ರಾಜ್ಯ ಕಾನೂನು ಮಾಡಿತು: ಇಂಥ ಕಾಯಿಲೆಯವರಿಗೆ ಅಂಗಡಿಯವರು ಸಿಬ್ಬಂದಿಯ ಶೌಚಾಲಯವನ್ನು ಬಿಟ್ಟುಕೊಡಬೇಕು. ಹುಡುಗಿಯ ಹೆಸರಲ್ಲೇ ಅದನ್ನು 'ಆ್ಯಲಿಯ ಕಾನೂನು' ಎನ್ನುತ್ತಾರೆ. ಆಮೇಲೆ ಹತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. ಎರಡನೇ ಸಲ ಕೇಳಿದಾಗ ಅಕ್ಕ, "ಆ ಹುಡುಗಿ ಎಲ್ಲರ ಮುಂದೆ ಹೇಳ್ಕೊಂಡ್ಳೇನೋ? ಅಷ್ಟು ಧೈರ್ಯವೇ!" ಎಂದಳು. ಅವಳ ಕಣ್ಣಲ್ಲಿ ಕಾನೂನಿಗಿಂತ ಅದೇ ದೊಡ್ಡದು. ಯೋಚಿಸಿದರೆ ಅವಳು ಹೇಳಿದ್ದೇ ಸರಿ.

ಇಂಥ ಸಂಘಗಳ ಕಷ್ಟವನ್ನೂ ಹೇಳಬೇಕು. ಮುನ್ನಡೆಸುವವರಿಗೆ ಮನೆಯಲ್ಲೇ ರೋಗಿ ಇರುತ್ತಾರೆ, ಅಥವಾ ಅವರೇ ರೋಗಿ. ಕಾಯಿಲೆ ಕೆರಳಿದ ವಾರ ಸಭೆ ನಡೆಯುವುದಿಲ್ಲ. ಇನ್ನೊಬ್ಬರ ಮಗುವಿನ ನೋವು ಕೇಳಿ ಕೇಳಿ ಜೀವ ಹಣ್ಣಾಗುತ್ತದೆ. ಅದಕ್ಕೇ ಒಬ್ಬರ ಹೆಗಲ ಮೇಲೆ ಸಂಘ ನಿಲ್ಲಬಾರದು. ಫೋನು ಎತ್ತಿಕೊಳ್ಳುವವರಿಗೆ ಯಾವುದನ್ನು ಹೇಳಬೇಕು ಎಂಬುದಕ್ಕಿಂತ ಯಾವುದನ್ನು ಹೇಳಬಾರದು ಎಂಬ ತರಬೇತಿ ಮುಖ್ಯ. "ನನ್ನ ಮಗನಿಗೆ ಸ್ಟೀರಾಯ್ಡ್ ನಿಲ್ಲಿಸಿದ್ವಿ, ನೀವೂ ನಿಲ್ಲಿಸಿ" ಎನ್ನುವ ಒಂದು ಮಾತು ಇನ್ನೊಂದು ಮನೆಯ ಮಗುವನ್ನು ಐಸಿಯುಗೆ ಕಳಿಸಬಲ್ಲದು. ಇನ್ನು ದುಡ್ಡಿನ ವಿಷಯ. 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಒಪ್ಪಿಗೆ ಪಡೆದ ಮೇಲೆ ಈ ಕಾಯಿಲೆಯ ಸುತ್ತ ಬಲು ದುಬಾರಿ ಔಷಧಗಳ ಮಾರುಕಟ್ಟೆ ಬೆಳೆದಿದೆ. ಆ ಔಷಧ ಎಷ್ಟೋ ಮಕ್ಕಳ ಕರುಳನ್ನು ಕತ್ತರಿಯಿಂದ ಉಳಿಸಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಕಂಪನಿಯ ದುಡ್ಡು ಪಡೆದ ಸಂಘ ಆ ಲೆಕ್ಕವನ್ನು ಸದಸ್ಯರ ಮುಂದೆ ಬಿಚ್ಚಿಡಲೇಬೇಕು. ಬಿಚ್ಚಿಡದ ಸಂಘಕ್ಕೆ ನಾನಂತೂ ನನ್ನ ಅಕ್ಕನನ್ನು ಕಳಿಸುವುದಿಲ್ಲ.

ನಮ್ಮ ಕಡೆ ಇದೆಲ್ಲ ಆಗುವ ಮಾತೇ ಎನ್ನುವವರು ದಾವಣಗೆರೆಗೆ ಹೋಗಿ ನೋಡಲಿ. ಅಲ್ಲಿನ ಕರ್ನಾಟಕ ಹಿಮೋಫೀಲಿಯಾ ಸೊಸೈಟಿಯನ್ನು ಕಟ್ಟಿ ನಡೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫೀಲಿಯಾ ಇರುವವರು. ರಕ್ತ ನಿಲ್ಲದ ನೋವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗವಿಕಲರಿಗಾಗಿ ನಮ್ಮ ದೇಶ ಮಾಡಿದ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿದಾಗ ಹಿಮೋಫೀಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಮೂರೂ ಸೇರಿದವು. ಬಾಗಿಲು ತಟ್ಟಲು ಆ ರೋಗಿಗಳಿಗೆ ಸಂಘಟಿತ ದನಿ ಇತ್ತು. ಐಬಿಡಿ ಆ ಪಟ್ಟಿಯಲ್ಲಿ ಇಲ್ಲ. ಪರೀಕ್ಷೆಯ ಕೊಠಡಿಯಿಂದ ಮೂರು ಸಲ ಎದ್ದು ಹೋಗಬೇಕಾದ ಹುಡುಗ ಕಳೆದುಕೊಂಡ ಸಮಯವನ್ನು ಹಕ್ಕಿನಿಂದ ಕೇಳುವುದು ಹೇಗೆ? ಮೇಲ್ವಿಚಾರಕರ ದಯೆಯನ್ನೇ ನಂಬಬೇಕು. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಕಾರಿಡಾರಿನ ಬೆಂಚುಗಳಿವೆ, ಅವುಗಳ ಮೇಲೆ ಈ ತಾಯಂದಿರು ಕೂತಿದ್ದಾರೆ. ಒಬ್ಬರಿಗೊಬ್ಬರ ಫೋನ್ ನಂಬರ್ ಕೊಡಿಸುವಷ್ಟು ಕೆಲಸವನ್ನು ಆಸ್ಪತ್ರೆಯವರು, ಅವರ ಒಪ್ಪಿಗೆ ಕೇಳಿ, ಮಾಡಿದರೂ ಸಾಕು. ಉಳಿದದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ.

ಅಕ್ಕನನ್ನು ಮುಂದಾಗು ಎಂದರೆ, "ನಾನು ಓದಿದ್ದು ಪಿಯುಸಿ ಕಣೋ, ನನಗೇನು ಗೊತ್ತಾಗುತ್ತೆ" ಎನ್ನುತ್ತಾಳೆ. ಹಾಗೆಂದ ಬಾಯಲ್ಲೇ, ಹುಡುಗ ಚಿಕಿತ್ಸೆಗಾಗಿ ಎರಡು ತಿಂಗಳು ಅನ್ನ ಮುದ್ದೆ ಬಿಟ್ಟು ಬರೀ ಪೌಡರ್ ಕಲಸಿದ ಪೇಯದಲ್ಲೇ ಇದ್ದಾಗ ಮನೆಯಲ್ಲಿ ಒಗ್ಗರಣೆ ಹಾಕದೆ ಹೇಗೆ ನಿಭಾಯಿಸಿದಳೆಂದು ಹೇಳುತ್ತಾಳೆ. ವಾಸನೆ ಬಂದರೆ ಅವನ ಬಾಯಲ್ಲಿ ನೀರೂರುತ್ತದೆಂದು ಭಾವನೂ ಎರಡು ತಿಂಗಳು ಮೊಸರನ್ನವನ್ನೇ ಉಂಡರು. ಈಗ ಅವನು ನಾಲ್ಕು ಇಂಚು ಬೆಳೆದಿದ್ದಾನೆ. ಅಡುಗೆಮನೆಯ ಗೋಡೆಯಲ್ಲಿ ಪೆನ್ಸಿಲ್ ಗೆರೆಗಳಿವೆ.

ಅದೇ ಗೋಡೆಗೆ ನೇತುಹಾಕಿದ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗ ಹನ್ನೊಂದು ನಂಬರುಗಳಿವೆ. ಮೊದಲನೆಯದು ಹಾವೇರಿಯದು. ಹೋದ ಗುರುವಾರ ನಾನಿದ್ದಾಗಲೇ ಫೋನ್ ಬಂತು. ಮಗಳಿಗೆ ಕಾಯಿಲೆ ಎಂದು ಮೂರು ದಿನದ ಹಿಂದೆ ಗೊತ್ತಾದ ತಾಯಿ; ಅಳು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅಕ್ಕ ಒಲೆ ಆರಿಸಿ, ನೆಲದ ಮೇಲೆ ಕೂತು, ಅತ್ತು ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಕೇಳಿದಳು: "ನೀವು ಊಟ ಮಾಡಿದ್ರಾ?"